ಕ್ಲಚ್ ಹಿಡಿಯುವ ಕೈ ಯಾರದು?

ಕಾಡುದಾರಿಯ ಬೈಕಿಗೆ ಆಟೋಮ್ಯಾಟಿಕ್ ಕ್ಲಚ್ ಕೂರಿಸುವುದರ ಹಿಂದಿನ ವಿಜ್ಞಾನ

ಮಕ್ಕಳೇ, ಒಂದು ಪ್ರಶ್ನೆಯಿಂದ ಶುರು ಮಾಡೋಣ. ಟಿವಿಎಸ್ ಎಕ್ಸ್‌ಎಲ್ ಮೊಪೆಡ್ ನಿಮಗೆಲ್ಲ ಗೊತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಟೊಮೇಟೊ ಕ್ರೇಟು, ಮೇಲೊಬ್ಬರು ಸವಾರರು. ಇಷ್ಟು ಹೊತ್ತುಕೊಂಡು ಹೊಲದ ದಾರಿಯಲ್ಲಿ ಏರಿ ಬರುವ ಗಾಡಿ ಅದು. ಹೊಸೂರಾಗಲಿ, ತಾಳವಾಡಿಯಾಗಲಿ, ಮಡಕಶಿರಾ ಆಗಲಿ, ಅದು ಕಾಣದ ಹಳ್ಳಿ ಕಡಿಮೆ. ಆ ಗಾಡಿಗೆ ಕ್ಲಚ್ ಇದೆಯಾ, ಇಲ್ವಾ?

ತರಗತಿಯಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ "ಇಲ್ಲ ಸಾರ್" ಅಂತಾರೆ. ಎಡಗೈಯ ಹತ್ತಿರ ಇರುವುದು ಬ್ರೇಕ್ ಲಿವರ್, ಆದ್ದರಿಂದ ಕ್ಲಚ್ ಇಲ್ಲ ಅನ್ನುವುದು ಅವರ ವಾದ. ವಾದ ಚೆನ್ನಾಗಿದೆ, ಉತ್ತರ ಮಾತ್ರ ತಪ್ಪು. ಅದರಲ್ಲಿ ಇಲ್ಲದ್ದು ಕ್ಲಚ್ ಲಿವರ್. ಕ್ಲಚ್ ಒಳಗೇ ಕೂತು ತನ್ನ ಪಾಡಿಗೆ ತಾನು ಹಿಡಿಯುತ್ತೆ, ಬಿಡುತ್ತೆ.

ಇದೇ ಕೆಲಸವನ್ನು ಗೇರು, ಕ್ಲಚ್ ಲಿವರ್ ಎರಡೂ ಇರುವ ದೊಡ್ಡ ಬೈಕಿನಲ್ಲಿ ಮಾಡಿಸಬಹುದಾ? ಅದೂ ಡಾಂಬರು ರಸ್ತೆಯಲ್ಲಿ ಅಲ್ಲ, ಬಂಡೆ, ಮರದ ಬೇರು, ಕೆಸರು, ಕಡಿದಾದ ಏರು ಇರುವ ಕಾಡುದಾರಿಯಲ್ಲಿ? ಮಾಡಿಸಬಹುದು. ಅಮೆರಿಕದ ಬೆಟ್ಟದ ದಾರಿಗಳಲ್ಲಿ ಸವಾರಿ ಮಾಡುವ ಅನೇಕರು ತಮ್ಮ ಬೈಕಿನ ಕ್ಲಚ್ ಬಿಚ್ಚಿ, ಆಟೋಮ್ಯಾಟಿಕ್ ಕ್ಲಚ್ಚಿನ ಕಿಟ್ ಕೂರಿಸಿಕೊಳ್ಳುತ್ತಾರೆ. ಅದನ್ನು ಹೇಗೆ ಕೂರಿಸುತ್ತಾರೆ, ಕೂರಿಸಿದ ಮೇಲೆ ಸರಿಯಾಗಿದೆ ಅಂತ ಹೇಗೆ ಪರೀಕ್ಷೆ ಮಾಡುತ್ತಾರೆ, ಅದರಿಂದ ಏನು ಲಾಭ, ಎಲ್ಲಿ ಅಪಾಯ ಅನ್ನುವುದನ್ನು ನೋಡೋಣ. ಇದಕ್ಕೆ ಬೇಕಾದ ವಿಜ್ಞಾನ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಆರು ಕಿಲೋಮೀಟರಿನ ಕೆಳಗಿನ ಕಷ್ಟ

ಮೊದಲು, ಕ್ಲಚ್ ಯಾಕೆ ಬೇಕು? ಪೆಟ್ರೋಲ್ ಎಂಜಿನ್ನಿಗೆ ಒಂದು ಸ್ವಭಾವ ಇದೆ. ಅದು ತೀರಾ ನಿಧಾನ ತಿರುಗಲಾರದು. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗುತ್ತೆ ಅಂತ ಇಟ್ಕೊಳ್ಳಿ. ಅದಕ್ಕಿಂತ ಬಹಳ ಕೆಳಗೆ ಎಳೆದರೆ ಕೆಮ್ಮಿ ಆಫ್ ಆಗುತ್ತೆ. ಚಕ್ರದ ಕಥೆ ಬೇರೆ. ಅದು ನಿಂತೇ ಇರಬೇಕು, ಆಮೇಲೆ ಮೆಲ್ಲಗೆ ಉರುಳಬೇಕು.

ಒಂದು ಲೆಕ್ಕ ಮಾಡೋಣ. ಕಾಡುದಾರಿಯ ಒಂದು ಬೈಕು ಮೊದಲನೇ ಗೇರಿನಲ್ಲಿದೆ. ಎಂಜಿನ್ 30 ಸುತ್ತು ತಿರುಗಿದರೆ ಹಿಂದಿನ ಚಕ್ರ 1 ಸುತ್ತು ತಿರುಗುತ್ತೆ ಅಂತಿರಲಿ. ಎಂಜಿನ್ 1500 ಸುತ್ತು ತಿರುಗುವಾಗ ಚಕ್ರ ನಿಮಿಷಕ್ಕೆ 50 ಸುತ್ತು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಹಾಗಾದರೆ ನಿಮಿಷಕ್ಕೆ 105 ಮೀಟರ್, ಅಂದ್ರೆ ಗಂಟೆಗೆ 6.3 ಕಿಲೋಮೀಟರ್. ಬಿರುಸಾಗಿ ನಡೆಯುವವರ ವೇಗ.

ಈಗ ಯೋಚನೆ ಮಾಡಿ. ಎಂಜಿನ್ನನ್ನೂ ಚಕ್ರವನ್ನೂ ಗಟ್ಟಿಯಾಗಿ ಕಟ್ಟಿಹಾಕಿದರೆ, ಆ ಬೈಕು ಗಂಟೆಗೆ 6 ಕಿಲೋಮೀಟರಿಗಿಂತ ನಿಧಾನ ಹೋಗುವ ಹಾಗೇ ಇಲ್ಲ. ರಸ್ತೆಯಲ್ಲಿ ಇದು ಹೊರಡುವಾಗ, ನಿಲ್ಲುವಾಗ ಮಾತ್ರ ಬರುವ ತೊಂದರೆ. ಕಾಡುದಾರಿಯಲ್ಲಿ ಬಂಡೆ ಹತ್ತುವಾಗ, ಬೇರು ದಾಟುವಾಗ ವೇಗ ಎರಡು ಕಿಲೋಮೀಟರ್, ಒಂದು ಕಿಲೋಮೀಟರ್, ಕೆಲವು ಕ್ಷಣ ಸೊನ್ನೆ. ಅಲ್ಲಿ ಈ ತೊಂದರೆ ನಿಮಿಷಕ್ಕೆ ಹತ್ತು ಸಲ ಬರುತ್ತೆ.

ಸೊನ್ನೆಗೂ ಆರಕ್ಕೂ ನಡುವಿನ ಈ ಜಾಗದಲ್ಲಿ ಎಂಜಿನ್ ವೇಗವಾಗಿ, ಚಕ್ರ ನಿಧಾನವಾಗಿ ತಿರುಗಬೇಕು. ಆದರೂ ಒಂದರ ಬಲ ಇನ್ನೊಂದಕ್ಕೆ ಹೋಗುತ್ತಿರಬೇಕು. ಎರಡು ತಟ್ಟೆಗಳನ್ನು ಒಂದಕ್ಕೊಂದು ಒತ್ತಿ, ಸ್ವಲ್ಪ ಜಾರಲು ಬಿಟ್ಟು, ಘರ್ಷಣೆಯ ಮೂಲಕ ಬಲ ದಾಟಿಸುವ ಉಪಾಯವೇ ಕ್ಲಚ್.

ಬುಟ್ಟಿಯೊಳಗಿನ ಪ್ಲೇಟುಗಳು

ಸಾಮಾನ್ಯ ಬೈಕಿನ ಕ್ಲಚ್ ಬಿಚ್ಚುವುದನ್ನು ಗ್ಯಾರೇಜಿನಲ್ಲಿ ನೋಡಿದ್ದೀರಾ? ಎಂಜಿನ್ನಿನ ಪಕ್ಕದ ಕವರ್ ತೆಗೆದರೆ ಅಲ್ಯೂಮಿನಿಯಂ ಬುಟ್ಟಿಯಂಥ ಒಂದು ಭಾಗ ಕಾಣುತ್ತೆ. ಎಂಜಿನ್ ಈ ಬುಟ್ಟಿಯನ್ನು ಹಲ್ಲುಚಕ್ರದ ಮೂಲಕ ತಿರುಗಿಸುತ್ತೆ. ಬುಟ್ಟಿಯ ನಡುವೆ ಒಂದು ಹಬ್ ಇದೆ. ಅದು ಗೇರುಬಾಕ್ಸಿನ ಅಚ್ಚಿಗೆ ಸೇರಿಕೊಂಡಿದೆ. ಇವೆರಡರ ನಡುವೆ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಒಂದು ಘರ್ಷಣೆಯ ಪ್ಲೇಟು, ಒಂದು ಸ್ಟೀಲ್ ಪ್ಲೇಟು, ಮತ್ತೆ ಘರ್ಷಣೆಯದು, ಮತ್ತೆ ಸ್ಟೀಲಿನದು. ಘರ್ಷಣೆಯ ಪ್ಲೇಟುಗಳು ಬುಟ್ಟಿಯ ಜೊತೆ ತಿರುಗುತ್ತವೆ, ಸ್ಟೀಲ್ ಪ್ಲೇಟುಗಳು ಹಬ್ಬಿನ ಜೊತೆ. ಮೇಲೆ ಪ್ರೆಶರ್ ಪ್ಲೇಟ್ ಅನ್ನುವ ಮುಚ್ಚಳ. ಅದನ್ನು ಸ್ಪ್ರಿಂಗುಗಳು ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ.

ಲಿವರ್ ಮುಟ್ಟದೆ ಇದ್ದಾಗ ಸ್ಪ್ರಿಂಗುಗಳು ಎಲ್ಲ ಪ್ಲೇಟುಗಳನ್ನೂ ಅದುಮಿ ಒಂದಾಗಿಸುತ್ತವೆ. ಎಂಜಿನ್ನಿನ ಬಲ ಪೂರ್ತಿ ಗೇರಿಗೆ ಹೋಗುತ್ತೆ. ಲಿವರ್ ಒತ್ತಿದಾಗ ಮುಚ್ಚಳ ಒಂದೆರಡು ಮಿಲಿಮೀಟರ್ ಮೇಲೆದ್ದು ಪ್ಲೇಟುಗಳು ಸಡಿಲವಾಗುತ್ತವೆ. ಅರ್ಧ ಒತ್ತಿದರೆ ಅರೆಬರೆ ಜಾರುತ್ತವೆ. ಆ ಅರ್ಧದಲ್ಲೇ ಸವಾರರ ಕಲೆಯೆಲ್ಲ ಅಡಗಿರುವುದು. ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಅನ್ನುವುದನ್ನು ಎಡಗೈ ಬೆರಳುಗಳು ಕಿವಿಯಿಂದ ಎಂಜಿನ್ ಸದ್ದು ಕೇಳುತ್ತಾ ತೀರ್ಮಾನ ಮಾಡುತ್ತವೆ.

ದಿನವಿಡೀ ಬೆಟ್ಟದಲ್ಲಿ ಹೀಗೆ ಮಾಡಿದರೆ ಬೆರಳು, ಮುಂಗೈ ಸೋಲುತ್ತವೆ. ಕಡಿದಾದ ಏರಿನ ನಡುವೆ ಎಂಜಿನ್ ಆಫ್ ಆದರೆ ಗಾಡಿ ಹಿಂದಕ್ಕೆ ಜಾರುತ್ತೆ. ಅಲ್ಲಿಂದ ಮತ್ತೆ ಹೊರಡುವುದು ಪಳಗಿದವರಿಗೂ ಕಷ್ಟ.

ತೂಕ, ಸ್ಪ್ರಿಂಗು, ವೇಗದ ವರ್ಗ

ಈ ತೀರ್ಮಾನವನ್ನು ಕೈಯ ಬದಲು ಎಂಜಿನ್ನಿನ ವೇಗಕ್ಕೇ ಬಿಟ್ಟುಕೊಟ್ಟರೆ? ವೇಗ ಕಡಿಮೆ ಇದ್ದಾಗ ಕ್ಲಚ್ ಬಿಡಬೇಕು, ಹೆಚ್ಚಾದಾಗ ಹಿಡಿಯಬೇಕು. ಇಷ್ಟೇ ಬೇಕಾಗಿರುವುದು. ಕಂಪ್ಯೂಟರ್ ಬೇಡ, ಬ್ಯಾಟರಿ ಬೇಡ. ಒಂದು ತೂಕ, ಒಂದು ಸ್ಪ್ರಿಂಗು ಸಾಕು.

ದಾರದ ತುದಿಗೆ ಕಲ್ಲು ಕಟ್ಟಿ ತಿರುಗಿಸಿದಾಗ ದಾರ ಬಿಗಿಯಾಗುವುದನ್ನು ನೀವು ನೋಡಿದ್ದೀರಿ. ಕಲ್ಲಿಗೆ ನೇರವಾಗಿ ಹೋಗುವ ಸ್ವಭಾವ, ಅಂದ್ರೆ ಜಡತ್ವ. ದಾರ ಅದನ್ನು ನಡುವಿನ ಕಡೆಗೆ ಎಳೆದು ವೃತ್ತದಲ್ಲಿ ಇಡುತ್ತೆ. ಇದೇ ಕೇಂದ್ರಾಭಿಮುಖ ಬಲ. ಕಲ್ಲಿನ ಜೊತೆ ನಾವೂ ತಿರುಗುತ್ತಿದ್ದೇವೆ ಅಂದುಕೊಂಡರೆ, ಏನೋ ಒಂದು ಅದನ್ನು ಹೊರಕ್ಕೆ ತಳ್ಳುತ್ತಿರುವ ಹಾಗೆ ಕಾಣುತ್ತೆ. ಅದಕ್ಕೆ ಕೇಂದ್ರತ್ಯಾಗಿ ಬಲ ಅಂತ ಹೆಸರು. ಮೊಪೆಡ್ಡಿನ ಕ್ಲಚ್ಚಿಗೆ ಕೇಂದ್ರತ್ಯಾಗಿ ಕ್ಲಚ್ ಎಂಬ ಹೆಸರು ಬಂದದ್ದು ಇದರಿಂದಲೇ. ಇದರ ಸೂತ್ರ:

ಬಲ = ದ್ರವ್ಯರಾಶಿ × ತ್ರಿಜ್ಯ × ಕೋನೀಯ ವೇಗದ ವರ್ಗ

ಕೊನೆಯ ಪದ ಗಮನಿಸಿ, ವರ್ಗ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಅಂಕಿ ಹಾಕಿ ನೋಡೋಣ. ಎಂಜಿನ್ನಿನ ಅಚ್ಚಿನ ಮೇಲೇ ಕೂತ ಒಂದು ಚಿಕ್ಕ ಕ್ಲಚ್. ಅದರಲ್ಲಿ 20 ಗ್ರಾಂ ತೂಕದ ಒಂದು ತುಂಡು ನಡುವಿನಿಂದ 5 ಸೆಂಟಿಮೀಟರ್ ದೂರದಲ್ಲಿದೆ. ಒಂದು ಸ್ಪ್ರಿಂಗು ಅದನ್ನು 50 ನ್ಯೂಟನ್ ಬಲದಿಂದ ಒಳಕ್ಕೆ ಎಳೆದು ಹಿಡಿದಿದೆ. ಹೊರಗೆ ಒಂದು ಡ್ರಮ್ಮು. ತುಂಡು ಡ್ರಮ್ಮಿಗೆ ತಗುಲಿದರೆ ಕ್ಲಚ್ ಹಿಡಿದ ಹಾಗೆ. (ಈ ಅಂಕಿಗಳು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡವು.)

ನಿಮಿಷಕ್ಕೆ 1500 ಸುತ್ತು: ಹೊರಕ್ಕೆ 25 ನ್ಯೂಟನ್. ಸ್ಪ್ರಿಂಗು ಗೆಲ್ಲುತ್ತೆ. ಕ್ಲಚ್ ಬಿಟ್ಟಿದೆ, ಗಾಡಿ ನಿಂತಿದೆ, ಎಂಜಿನ್ ಓಡುತ್ತಿದೆ.

ಸುಮಾರು 2100 ಸುತ್ತು: 50 ನ್ಯೂಟನ್. ಸಮಸಮ. ತುಂಡು ಡ್ರಮ್ಮನ್ನು ಮುಟ್ಟಲು ಹೊರಟಿದೆ.

3000 ಸುತ್ತು: 99 ನ್ಯೂಟನ್. ಸ್ಪ್ರಿಂಗಿನ 50 ಕಳೆದರೆ ಡ್ರಮ್ಮಿನ ಮೇಲೆ 49 ನ್ಯೂಟನ್ ಒತ್ತಡ.

4500 ಸುತ್ತು: 222 ನ್ಯೂಟನ್. 50 ಕಳೆದರೆ 172.

3000ದಿಂದ 4500ಕ್ಕೆ ಬಂದಾಗ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು, ಒತ್ತಡ ಹೆಚ್ಚಿದ್ದು ಮೂರೂವರೆ ಪಟ್ಟು. ಬರೀ 20 ಗ್ರಾಮಿನ ತುಂಡು ಈಗ ಸುಮಾರು 22 ಕಿಲೋ ಭಾರ ಹೇರಿದ ಹಾಗೆ ಹೊರಕ್ಕೆ ತಳ್ಳುತ್ತಿದೆ. ಐಡ್ಲಿಂಗ್‌ನಲ್ಲಿ ಪೂರ್ತಿ ಬಿಡುವ, ಸ್ವಲ್ಪ ರೈಸ್ ಮಾಡಿದಾಗ ಮೆಲ್ಲಗೆ ಹಿಡಿಯುವ, ಜೋರು ರೈಸ್ ಮಾಡಿದಾಗ ಗಟ್ಟಿಯಾಗಿ ಹಿಡಿಯುವ ಗುಣ ಈ ವರ್ಗದಿಂದಲೇ ಬಂತು. ಬಲ ವೇಗದಷ್ಟೇ ಏರುವಂತಿದ್ದರೆ ಹಿಡಿತ ಇಷ್ಟು ಬೇಗ ಬಿಗಿಯಾಗುತ್ತಿರಲಿಲ್ಲ.

ಒಂದೇ ಊರು, ಎರಡು ಕಥೆ

ಈ ಉಪಾಯವನ್ನು ಲೋಕದ ಮೂಲೆಮೂಲೆಗೆ ಮುಟ್ಟಿಸಿದ್ದು ಜಪಾನಿನ ಹೊಂಡಾ ಸೂಪರ್ ಕಬ್. 1958ರಲ್ಲಿ ಬಂದ 49 ಸಿಸಿ ಗಾಡಿ. ಸೋಬಾ ಅಂದ್ರೆ ಜಪಾನಿನ ಒಂದು ಬಗೆಯ ಶಾವಿಗೆ. ಅದನ್ನು ಮನೆಮನೆಗೆ ತಲುಪಿಸುವ ಹುಡುಗ ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವ ಹಾಗಿರಬೇಕು ಅನ್ನುವುದು ಅದರ ಹಿಂದಿನ ಆಲೋಚನೆ. ಹಾಗಾಗಿ ಕ್ಲಚ್ ಲಿವರ್ ಇಲ್ಲ. ಗೇರು ಮೂರು, ಅದನ್ನು ಕಾಲಿನಿಂದ ಬದಲಾಯಿಸಬೇಕು. ಹೊರಡುವಾಗ ಹಿಡಿಯುವುದು, ನಿಲ್ಲುವಾಗ ಬಿಡುವುದು ಕೇಂದ್ರತ್ಯಾಗಿ ಕ್ಲಚ್ಚಿನ ಕೆಲಸ. 2017ರ ಹೊತ್ತಿಗೆ ಈ ಸರಣಿಯ 10 ಕೋಟಿ ಗಾಡಿಗಳು ತಯಾರಾಗಿದ್ದವು.

ಹೊಂಡಾ ಅಮೆರಿಕಕ್ಕೆ ಹೋದದ್ದು 1959ರಲ್ಲಿ. ಅಲ್ಲಿ ಐಡಾಹೋ ರಾಜ್ಯದ ಬಾಯ್ಸೀ ಎಂಬ ಬೆಟ್ಟದ ಸೀಮೆಯ ಊರಿನಲ್ಲಿ ಹರ್ಬ್ ಉಲ್ ಅನ್ನುವ ಡೀಲರ್ ಈ ಪುಟ್ಟ ಗಾಡಿಗಳನ್ನು ಲಾಸ್ ಏಂಜಲೀಸ್ ಎಂಬ ಮಹಾನಗರದ ಡೀಲರುಗಳೆಲ್ಲ ಸೇರಿ ಮಾರುವುದಕ್ಕಿಂತ ಹೆಚ್ಚು ಮಾರುತ್ತಿದ್ದರು. ಹೇಗೆ ಅಂತ ವಿಚಾರಿಸಿದಾಗ ಗುಟ್ಟು ಗೊತ್ತಾಯಿತು. ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್, ಗುಬುಟು ಗುಬುಟಾದ ಟೈರು ಹಾಕಿ ಅದನ್ನೇ ಕಾಡುದಾರಿಯ ಗಾಡಿ ಮಾಡಿಬಿಟ್ಟಿದ್ದರು! ಹೊಂಡಾ ಅದನ್ನು ನೋಡಿ 1961ರಲ್ಲಿ ತಾನೇ ಟ್ರೈಲ್ 50 ಎಂಬ ಗಾಡಿ ತಂತು. ಆ ವಂಶದ ಸಿಟಿ110 ಆಸ್ಟ್ರೇಲಿಯಾದ ಅಂಚೆಯವರ ಗಾಡಿಯಾಗಿ ದಶಕಗಟ್ಟಲೆ ಓಡಿತು. ಮನೆಮನೆಗೂ ನಿಂತು ಹೊರಡುವವರಿಗೆ ಕ್ಲಚ್ ಒತ್ತುವ ಕೆಲಸ ಇಲ್ಲದಿರುವುದು ಎಷ್ಟು ನೆಮ್ಮದಿ, ಯೋಚಿಸಿ.

ನಮ್ಮ ಗಡಿಯಲ್ಲೂ ಇದರ ಒಂದು ಕೊಂಡಿ ಇದೆ. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂತು. ಅದರಲ್ಲೂ ಕೇಂದ್ರತ್ಯಾಗಿ ಕ್ಲಚ್ಚೇ. ಇವತ್ತಿನ ಎಕ್ಸ್‌ಎಲ್ 100 ಆ ಮನೆತನದ ಕುಡಿ. ಗೇರಿಲ್ಲದ ಸ್ಕೂಟರುಗಳ ಹಿಂದಿನ ಚಕ್ರದ ಹತ್ತಿರ ಇರುವುದೂ ಅದೇ. ಡ್ರಮ್ಮಿನೊಳಗೆ ಮೂರು ಶೂ, ಅವುಗಳನ್ನು ಒಳಕ್ಕೆ ಎಳೆಯುವ ಮೂರು ಸ್ಪ್ರಿಂಗು.

ಆದರೆ ಶಕ್ತಿಯಿರುವ, ಐದಾರು ಗೇರಿನ, ಪ್ಲೇಟು ಕ್ಲಚ್ಚಿನ ಬೈಕಿನಲ್ಲಿ ಡ್ರಮ್ಮು ಕೂರಿಸಲು ಜಾಗ ಇಲ್ಲ. ಇದಕ್ಕೆ ಒಂದು ದಾರಿ ಸಿಕ್ಕಿದ್ದು ಮತ್ತೆ ಅದೇ ಬಾಯ್ಸೀ ಊರಿನಲ್ಲಿ. ಆಲ್ ಯಂಗ್‌ವರ್ತ್ ಅನ್ನುವವರು 2002ರಲ್ಲಿ ಅಲ್ಲಿ ರೆಕ್ಲೂಸ್ ಎಂಬ ಕಂಪನಿ ಶುರು ಮಾಡಿದರು. ಮೂಲ ಕ್ಲಚ್ಚಿನೊಳಗೇ ಹಿಡಿಸುವಂಥ ಆಟೋಮ್ಯಾಟಿಕ್ ಕಿಟ್ ಅವರ ಕೆಲಸ. ಮೊದಮೊದಲ ಮಾದರಿಯಲ್ಲಿ ಗಟ್ಟಿ ಲೋಹದ ಗುಂಡುಗಳು ಇಳಿಜಾರಿನ ಗುಳಿಯಲ್ಲಿ ಹೊರಕ್ಕೆ ಉರುಳಿ ಪ್ಲೇಟುಗಳನ್ನು ಒತ್ತುತ್ತಿದ್ದವು. ಆಮೇಲಿನ ಮಾದರಿಯಲ್ಲಿ ಗುಂಡಿನ ಬದಲು ಬೆಣೆ ಬಂತು.

ದಪ್ಪಗಾಗುವ ಪ್ಲೇಟು

ಈ ಬೆಣೆಯ ಮಾದರಿಯನ್ನೇ ನೋಡೋಣ. ಪ್ಲೇಟುಗಳ ಸಾಲಿನಿಂದ ಒಂದನ್ನು ತೆಗೆದು, ಅದರ ಜಾಗದಲ್ಲಿ ವಿಶೇಷ ಪ್ಲೇಟೊಂದನ್ನು ಇಡುತ್ತಾರೆ. ಅದು ಎರಡು ತೆಳು ತಟ್ಟೆಗಳ ಜೋಡಿ. ನಡುವೆ ಸಣ್ಣ ಬೆಣೆಗಳು, ಅವುಗಳನ್ನು ಒಳಕ್ಕೆ ಹಿಡಿದಿಟ್ಟ ಸ್ಪ್ರಿಂಗುಗಳು. ವೇಗ ಏರಿದಾಗ ಬೆಣೆಗಳು ಹೊರಕ್ಕೆ ಸರಿದು ಇಳಿಜಾರು ಹತ್ತುತ್ತವೆ. ಎರಡು ತಟ್ಟೆಗಳು ದೂರ ಸರಿದು ಪ್ಲೇಟೇ ದಪ್ಪಗಾಗುತ್ತೆ. ಪಕ್ಕದ ಪ್ಲೇಟುಗಳೆಲ್ಲ ಒತ್ತಿಕೊಳ್ಳುತ್ತವೆ. ಕ್ಲಚ್ ಹಿಡಿಯಿತು.

ಬೆಣೆಯೇ ಯಾಕೆ? ಪ್ಲೇಟು ಕ್ಲಚ್ಚಿನ ಬುಟ್ಟಿ ಎಂಜಿನ್ನಿನ ವೇಗದಲ್ಲಿ ತಿರುಗುವುದಿಲ್ಲ, ಸುಮಾರು ಮೂರನೇ ಒಂದು ಭಾಗದ ವೇಗದಲ್ಲಿ ತಿರುಗುತ್ತೆ. ವೇಗ ಮೂರನೇ ಒಂದು ಭಾಗ ಆದರೆ ಬಲ ಒಂಬತ್ತನೇ ಒಂದು ಭಾಗ! ವರ್ಗದ ನಿಯಮ ಇಲ್ಲಿ ನಮಗೇ ತಿರುಗಿಬಿತ್ತು. ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಎರಡು ಉಪಾಯ. ಒಂದು, ತೂಕಗಳನ್ನು ಸಾಧ್ಯವಾದಷ್ಟು ಅಂಚಿನಲ್ಲಿ ಇಡುವುದು, ಅಂದ್ರೆ ತ್ರಿಜ್ಯ ಹೆಚ್ಚಿಸುವುದು. ಎರಡು, ಇಳಿಜಾರು ಸಮತಲ. ಸೌದೆ ಸೀಳುವಾಗ ಬೆಣೆ ಮಾಡುವ ಕೆಲಸವೇ ಇದು. ಹೆಚ್ಚು ದೂರ ಸರಿದು, ಕಡಿಮೆ ದೂರಕ್ಕೆ ಹೆಚ್ಚು ಬಲ ಕೊಡುತ್ತೆ. ಸರಳ ಯಂತ್ರದ ಪಾಠದಲ್ಲಿ ಓದಿದ್ದು ಎಲ್ಲಿ ಬಂದು ಕೂತಿದೆ ನೋಡಿ.

ಕೂರಿಸುವ ಕ್ರಮ

ಕೆಲಸ ಒಂದು ಮಧ್ಯಾಹ್ನದ್ದು, ಆದರೆ ಅವಸರದ್ದಲ್ಲ. ಕ್ರಮ ಸುಮಾರಾಗಿ ಹೀಗೆ.

ಕ್ಲಚ್ ಕವರ್ ಬಲಗಡೆ ಇರುವ ಬೈಕನ್ನು ಎಡಕ್ಕೆ ಮಲಗಿಸುತ್ತಾರೆ. ಆಗ ಕವರ್ ತೆಗೆದರೂ ಎಣ್ಣೆ ಚೆಲ್ಲುವುದಿಲ್ಲ. ಕವರ್ ತೆಗೆದು ಪ್ಯಾಕಿಂಗ್ ಹರಿಯದಂತೆ ಎತ್ತಿಡುತ್ತಾರೆ. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಚ್ಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಇಲ್ಲದಿದ್ದರೆ ಸ್ಪ್ರಿಂಗಿನ ಬಲ ಒಂದೇ ಪಕ್ಕಕ್ಕೆ ಬಿದ್ದು ಮುಚ್ಚಳ ಓರೆಯಾಗುತ್ತೆ.

ಪ್ಲೇಟುಗಳನ್ನು ಹೊರಗೆ ತೆಗೆದು, ಬಂದ ಅನುಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಹೊಸ ಘರ್ಷಣೆಯ ಪ್ಲೇಟುಗಳನ್ನು ಎಂಜಿನ್ ಎಣ್ಣೆಯಲ್ಲಿ ನೆನೆಸುತ್ತಾರೆ. ಒಣಗಿದ್ದು ಹಾಗೇ ಹಾಕಿದರೆ ಮೊದಲ ಸುತ್ತಿನಲ್ಲೇ ಸುಟ್ಟ ಗುರುತು ಬೀಳಬಹುದು. ಎಣ್ಣೆಯೂ ಜಾಸೋ ಎಂಎ ಎಂದು ಬರೆದಿರುವ, ಬೈಕಿನ ಒದ್ದೆ ಕ್ಲಚ್ಚಿಗೆ ಹೊಂದುವ ಎಣ್ಣೆಯೇ ಆಗಬೇಕು. ಘರ್ಷಣೆ ತಗ್ಗಿಸುವ ಸಾಮಗ್ರಿ ಬೆರೆಸಿದ ಕಾರಿನ ಎಣ್ಣೆ ಹಾಕಿದರೆ ಪ್ಲೇಟು ಜಾರುತ್ತೆ. ಎಂಜಿನ್ನಿಗೆ ಘರ್ಷಣೆ ಶತ್ರು, ಕ್ಲಚ್ಚಿಗೆ ಅದೇ ಅನ್ನ. ಎರಡೂ ಒಂದೇ ಎಣ್ಣೆಯಲ್ಲಿ ಬದುಕಬೇಕು ಅನ್ನುವುದೇ ಇಲ್ಲಿಯ ಸ್ವಾರಸ್ಯ.

ಕಿಟ್ ಜೊತೆ ಬಂದ ಕೈಪಿಡಿ ಹೇಳಿದ ಅನುಕ್ರಮದಲ್ಲಿ ಪ್ಲೇಟುಗಳನ್ನೂ ನಡುವೆ ದಪ್ಪಗಾಗುವ ಪ್ಲೇಟನ್ನೂ ಜೋಡಿಸಿ, ಮುಚ್ಚಳ ಹಾಕಿ, ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯುತ್ತಾರೆ. ಎಷ್ಟು ಬಿಗಿಯಬೇಕು ಅನ್ನುವುದನ್ನು ಕೈಪಿಡಿ ನ್ಯೂಟನ್-ಮೀಟರ್‌ನಲ್ಲಿ ಹೇಳುತ್ತೆ. ಬಲವನ್ನು ದೂರದಿಂದ ಗುಣಿಸಿದರೆ ಬರುವ ಅಳತೆ ಅದು.

ರಬ್ಬರ್ ಬ್ಯಾಂಡಿನ ಪರೀಕ್ಷೆ

ಈಗ ಬಂತು ಮುಖ್ಯವಾದ ಘಟ್ಟ. ಐಡ್ಲಿಂಗ್‌ನಲ್ಲಿ ಪ್ಲೇಟುಗಳ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ದಪ್ಪಗಾಗುವ ಪ್ಲೇಟು ಆ ಸಂದನ್ನು ತುಂಬಿ, ಅದರ ಮೇಲೂ ಸ್ವಲ್ಪ ಉಬ್ಬಿ ಪ್ರೆಶರ್ ಪ್ಲೇಟನ್ನು ಒಂದಿಷ್ಟು ಎತ್ತಬೇಕು. ಆಗ ಮಾತ್ರ ಮುಚ್ಚಳದ ಸ್ಪ್ರಿಂಗುಗಳ ಪೂರ್ತಿ ಬಲ ಪ್ಲೇಟುಗಳ ಮೇಲೆ ಬೀಳುತ್ತೆ. ಆದರೆ ಕವರ್ ಮುಚ್ಚಿದ ಮೇಲೆ, ತಿರುಗುವ ಎಂಜಿನ್ನಿನೊಳಗೆ ಇದನ್ನು ನೋಡುವುದು ಹೇಗೆ?

ಉಪಾಯ ಎಷ್ಟು ಸರಳ ನೋಡಿ. ಕ್ಲಚ್ ಲಿವರಿಗೂ ಹ್ಯಾಂಡಲ್ ಹಿಡಿಗೂ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ಅದು ಲಿವರಿನ ಸಡಿಲವನ್ನು ಮಾತ್ರ ಎಳೆದುಕೊಳ್ಳುವಷ್ಟು ಹಗುರಾಗಿರಬೇಕು. ಎಂಜಿನ್ ಬಿಸಿಯಾದ ಮೇಲೆ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಐಡ್ಲಿಂಗ್‌ನಿಂದ 5000 ಸುತ್ತಿನ ಮೇಲಕ್ಕೆ ರೈಸ್ ಮಾಡುತ್ತಾರೆ. ಒಳಗೆ ಪ್ಲೇಟು ಉಬ್ಬಿ ಮುಚ್ಚಳ ಮೇಲೆದ್ದರೆ, ಅದನ್ನು ಎತ್ತುವ ಲಿವರಿನ ಕೆಲಸ ಅಷ್ಟು ಕಡಿಮೆಯಾಯಿತು. ಲಿವರ್ ಸಡಿಲವಾಗುತ್ತೆ, ರಬ್ಬರ್ ಬ್ಯಾಂಡ್ ಅದನ್ನು ಹಿಡಿಯ ಕಡೆಗೆ ಎಳೆಯುತ್ತೆ. ಲಿವರಿನ ತುದಿ ಸುಮಾರು 3 ಮಿಲಿಮೀಟರ್ ಸರಿದರೆ ಹೊಂದಾಣಿಕೆ ಸರಿ.

ಕಡಿಮೆ ಸರಿದರೆ ಪ್ಲೇಟುಗಳ ಮೇಲೆ ಒತ್ತಡ ಸಾಲದು, ಕ್ಲಚ್ ಜಾರಿ ಜಾರಿ ಸುಡುತ್ತೆ. ಹೆಚ್ಚು ಸರಿದರೆ ಸಂದು ತೀರಾ ಸಣ್ಣದು ಅಂತ ಅರ್ಥ. ಐಡ್ಲಿಂಗ್‌ನಲ್ಲೂ ಪ್ಲೇಟುಗಳು ಉಜ್ಜುತ್ತಾ ಗಾಡಿ ಮುಂದಕ್ಕೆ ತೆವಳುತ್ತೆ, ನಿಂತಾಗ ಎಂಜಿನ್ ಆಫ್ ಆಗುತ್ತೆ. ಕೆಲವು ಗಾಡಿಗಳಲ್ಲಿ ಅಡ್ಜಸ್ಟರ್ ತಿರುಗಿಸಿ, ಕೆಲವದರಲ್ಲಿ ಬೇರೆ ದಪ್ಪದ ಸ್ಟೀಲ್ ಪ್ಲೇಟು ಹಾಕಿ ಇದನ್ನು ಸರಿಮಾಡುತ್ತಾರೆ. ಎಷ್ಟು ವೇಗದಲ್ಲಿ ಹಿಡಿಯಬೇಕು ಅನ್ನುವುದನ್ನು ಬದಲಿಸಲು ಬೆಣೆಯ ಸ್ಪ್ರಿಂಗುಗಳನ್ನೇ ಬದಲಿಸುತ್ತಾರೆ. ಬಿಗಿ ಸ್ಪ್ರಿಂಗು ಹಾಕಿದರೆ ತಡವಾಗಿ ಹಿಡಿಯುತ್ತೆ, ಮೆತ್ತನೆಯದು ಹಾಕಿದರೆ ಬೇಗ ಹಿಡಿಯುತ್ತೆ.

ಜಾರಿದರೆ ಎಷ್ಟು ಬಿಸಿ ಅಂತೀರಾ? ಕ್ಲಚ್ 20 ನ್ಯೂಟನ್-ಮೀಟರ್ ಟಾರ್ಕ್ ದಾಟಿಸುತ್ತಿದೆ, ಬುಟ್ಟಿಗೂ ಹಬ್ಬಿಗೂ ನಡುವೆ ಸೆಕೆಂಡಿಗೆ 100 ರೇಡಿಯನ್ ವೇಗವ್ಯತ್ಯಾಸ ಇದೆ ಅಂದರೆ, ಶಾಖವಾಗುವ ಶಕ್ತಿ 20 × 100 = 2000 ವ್ಯಾಟ್. ಎರಡು ದೊಡ್ಡ ಇಸ್ತ್ರಿಪೆಟ್ಟಿಗೆಗಳನ್ನು ಆ ಪುಟ್ಟ ಬುಟ್ಟಿಯೊಳಗೆ ಇಟ್ಟ ಹಾಗೆ. ಆ ಶಾಖವನ್ನು ಹೊತ್ತೊಯ್ಯುವುದು ಎಣ್ಣೆ. ಆಟೋಮ್ಯಾಟಿಕ್ ಇದೆಯಲ್ಲ ಅಂತ ಮೇಲಿನ ಗೇರಿನಲ್ಲೇ ಕಡಿಮೆ ವೇಗದಲ್ಲಿ ಬಂಡೆ ಹತ್ತಿಸುತ್ತಾ ಹೋದರೆ, ಎಣ್ಣೆಯೂ ಸೋಲುತ್ತೆ.

ಸ್ಪ್ರಿಂಗಿಗೆ ಗೊತ್ತಿಲ್ಲದ್ದು

ಲಾಭ ಸ್ಪಷ್ಟ. ಗಾಡಿ ನಿಂತರೂ ಎಂಜಿನ್ ಆಫ್ ಆಗುವುದಿಲ್ಲ. ಕೈಗೆ ದಣಿವಿಲ್ಲ. ಬೇಕಾದಾಗ ಲಿವರ್ ಒತ್ತಿ ನಾವೇ ಕ್ಲಚ್ ಬಿಡಿಸಬಹುದು, ಅದನ್ನು ಯಾರೂ ಕಿತ್ತುಕೊಂಡಿಲ್ಲ. ಎಡಗೈಯ ಬೆರಳು ಕಳೆದುಕೊಂಡವರು, ಮುಂಗೈಯಲ್ಲಿ ಬಲ ಕುಂದಿದವರು ಮತ್ತೆ ಬೈಕ್ ಹತ್ತಲು ಇದು ಒಂದು ದಾರಿ. ಬಲಗಾಲಿಗೆ ತೊಂದರೆ ಇರುವವರು, ಬಿಡುವಾದ ಎಡಗೈಗೆ ಹಿಂದಿನ ಬ್ರೇಕನ್ನು ತಂದುಕೊಳ್ಳುವುದೂ ಉಂಟು. ಆದರೆ ನಮ್ಮ ದೇಶದಲ್ಲಿ ನೋಂದಣಿಯಾದ ಗಾಡಿಯನ್ನು ಹೀಗೆ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ಸುಲಭವಾದರೆ ಕಲೆ ಹೋಗುತ್ತೆ ಅನ್ನುವ ಸವಾರರೂ ಇದ್ದಾರೆ. ಅದು ಅವರವರ ಇಷ್ಟ. ಆದರೆ ಇಷ್ಟಕ್ಕೆ ಬಿಡಲಾಗದ ಕೆಲವು ಸಂಗತಿಗಳಿವೆ. ಸ್ಪ್ರಿಂಗಿಗೆ ಗೊತ್ತಿರುವುದು ವೇಗ ಒಂದೇ. ಮುಂದೆ ಬಂಡೆ ಇದೆಯೋ, ಮಗು ಇದೆಯೋ, ಸವಾರ ಸೀಟಿನ ಮೇಲಿದ್ದಾನೋ ಪಕ್ಕದಲ್ಲಿ ನಿಂತಿದ್ದಾನೋ, ಅದಕ್ಕೆ ತಿಳಿಯದು.

ಇಳಿಜಾರಿನಲ್ಲಿ ಎಂಜಿನ್ ವೇಗ ತೀರಾ ಇಳಿದರೆ ಕ್ಲಚ್ ತಾನಾಗಿ ಬಿಟ್ಟುಬಿಡುತ್ತೆ. ಎಂಜಿನ್ನಿನ ತಡೆ ತಪ್ಪಿ ಗಾಡಿ ಹಗುರಾಗಿ ಓಡತೊಡಗುತ್ತೆ. ಬ್ರೇಕಿನ ಮೇಲೆ ಕೈ ಇರಲೇಬೇಕು. ಎಂಜಿನ್ ಆಫ್ ಮಾಡಿ ಗೇರಿನಲ್ಲಿಟ್ಟು ನಿಲ್ಲಿಸಿದರೂ ಗಾಡಿ ಉರುಳುತ್ತೆ, ಯಾಕೆ ಅಂದ್ರೆ ನಿಂತ ಎಂಜಿನ್ನಿಗೆ ಚಕ್ರದ ಜೊತೆ ಸಂಬಂಧವೇ ಇಲ್ಲ. ಅದಕ್ಕೇ ಇಂಥವರು ಮುಂದಿನ ಬ್ರೇಕ್ ಲಿವರಿಗೆ ಪಟ್ಟಿ ಕಟ್ಟಿ ನಿಲ್ಲಿಸುತ್ತಾರೆ. ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವುದೂ ಇದೇ ಕಾರಣಕ್ಕೆ ಆಗದು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎಂಜಿನ್ ಓಡುತ್ತಾ ಗೇರಿನಲ್ಲಿ ನಿಂತ ಇಂಥ ಬೈಕು, ನೋಡಲು ನ್ಯೂಟ್ರಲ್‌ನಲ್ಲಿ ನಿಂತ ಹಾಗೇ ಇರುತ್ತೆ. ಸುಮ್ಮನೆ ಎಕ್ಸಲರೇಟರ್ ತಿರುಗಿಸಿದರೆ ಹಾರಿಬೀಳುತ್ತೆ. ನಿಮ್ಮ ಮನೆಯ ಸ್ಕೂಟರ್, ಮೊಪೆಡ್ಡಿಗೂ ಈ ಮಾತು ಅಕ್ಷರಶಃ ಸಲ್ಲುತ್ತೆ. ಅಂಗಡಿ ಮುಂದೆ ಎಂಜಿನ್ ಆಫ್ ಮಾಡದೆ ಇಳಿದು ಹೋಗುವುದು, ಮುಂದೆ ನಿಂತ ಪುಟ್ಟ ತಮ್ಮನೋ ತಂಗಿಯೋ ಆಟಕ್ಕೆ ಎಕ್ಸಲರೇಟರ್ ತಿರುಗಿಸುವುದು. ಆ ಕ್ಷಣದಲ್ಲಿ ವೇಗ 1500ರಿಂದ 4500ಕ್ಕೆ ಏರಿದರೆ ಒಳಗೆ ಏನಾಗುತ್ತೆ ಅಂತ ನೀವು ಈಗಷ್ಟೇ ಲೆಕ್ಕ ಮಾಡಿದ್ದೀರಿ. ಕ್ಲಚ್ ಹಿಡಿಯಲಾ ಅಂತ ಯಾರನ್ನೂ ಕೇಳುವುದಿಲ್ಲ. ಆದ್ದರಿಂದ ಇಳಿಯುವ ಮೊದಲು ಎಂಜಿನ್ ಆಫ್, ಕೀಲಿ ಜೇಬಿಗೆ. ಈ ಮಾತನ್ನು ಮನೆಯಲ್ಲಿ ದೊಡ್ಡವರಿಗೂ ಹೇಳಿ, ಯಾಕೆ ಅಂತ ಕಾರಣ ಸಮೇತ ಹೇಳಿ. ಹಾಗೇ ಇನ್ನೊಂದು ಮಾತು: 50 ಸಿಸಿವರೆಗಿನ ಗಾಡಿಗೆ 16 ವರ್ಷ, ಅದಕ್ಕೂ ಮೇಲ್ಪಟ್ಟದ್ದಕ್ಕೆ 18 ವರ್ಷ ತುಂಬದೆ ಲೈಸೆನ್ಸ್ ಇಲ್ಲ. ಎಕ್ಸ್‌ಎಲ್ 100 ಕೂಡ ಎರಡನೇ ಸಾಲಿಗೇ ಸೇರಿದ್ದು.

ನೀವೇ ಮಾಡಿ ನೋಡಿ

ವೇಗದ ವರ್ಗವನ್ನು ನಂಬಬೇಡಿ, ಅಳೆದು ನೋಡಿ. ಬೇಕಾದ್ದು: ಹಳೆಯ ಬಾಲ್‌ಪೆನ್ನಿನ ಖಾಲಿ ಕೊಳವೆ, ಒಂದೂವರೆ ಮೀಟರ್ ಗಟ್ಟಿ ನೈಲಾನ್ ದಾರ, ಒಂದು ರಬ್ಬರ್, ಒಂದೇ ಅಳತೆಯ ನಾಲ್ಕು ದೊಡ್ಡ ನಟ್ಟುಗಳು, ಗಡಿಯಾರ.

ದಾರವನ್ನು ಕೊಳವೆಯೊಳಗೆ ತೂರಿಸಿ, ಮೇಲಿನ ತುದಿಗೆ ರಬ್ಬರ್, ಕೆಳಗಿನ ತುದಿಗೆ ಒಂದು ನಟ್ಟು ಕಟ್ಟಿ. ಕೊಳವೆ ಹಿಡಿದು ರಬ್ಬರನ್ನು ತಲೆಯ ಮೇಲೆ ಅಡ್ಡವಾಗಿ ತಿರುಗಿಸಿ. ನಟ್ಟು ಮೇಲೂ ಏರದೆ ಕೆಳಗೂ ಇಳಿಯದೆ ನಿಲ್ಲುವ ವೇಗ ಹುಡುಕಿ. ಕೊಳವೆಯ ಸ್ವಲ್ಪ ಕೆಳಗೆ ದಾರಕ್ಕೆ ಇಂಕಿನ ಗುರುತು ಮಾಡಿಕೊಂಡರೆ ತ್ರಿಜ್ಯ ಒಂದೇ ಇರುವಂತೆ ನೋಡಿಕೊಳ್ಳಬಹುದು. 20 ಸುತ್ತಿಗೆ ಎಷ್ಟು ಸೆಕೆಂಡು ಅಂತ ಗೆಳೆಯರು ಬರೆದುಕೊಳ್ಳಲಿ. ಆಮೇಲೆ ನಾಲ್ಕು ನಟ್ಟು ಕಟ್ಟಿ ಮತ್ತೆ ಅಳೆಯಿರಿ. ಬಲ ನಾಲ್ಕು ಪಟ್ಟಾದಾಗ ಸಮಯ ಸುಮಾರು ಅರ್ಧಕ್ಕೆ ಇಳಿಯಬೇಕು, ಅಂದ್ರೆ ವೇಗ ಎರಡು ಪಟ್ಟು. ಬಯಲಿನಲ್ಲಿ ಮಾಡಿ, ಸುತ್ತ ಯಾರೂ ಹತ್ತಿರ ನಿಲ್ಲಬಾರದು, ಗಂಟು ಗಟ್ಟಿಯಾಗಿರಲಿ.

ಕೊನೆಗೆ ಮೂರು ಪ್ರಶ್ನೆ. ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರ ಜೊತೆ ಚರ್ಚಿಸಿ.

1. ನಮ್ಮ ಲೆಕ್ಕದ ಕ್ಲಚ್ಚಿನಲ್ಲಿ ಸ್ಪ್ರಿಂಗು ಹಳೆಯದಾಗಿ ಬಲ 50ರಿಂದ 25 ನ್ಯೂಟನ್‌ಗೆ ಇಳಿದರೆ, ಗಾಡಿ ಐಡ್ಲಿಂಗ್‌ನಲ್ಲಿ ಹೇಗೆ ವರ್ತಿಸುತ್ತೆ?

2. ಶೂ ಸವೆದು ತುಂಡಿನ ತೂಕ 20 ಗ್ರಾಮಿನಿಂದ 18 ಗ್ರಾಮಿಗೆ ಇಳಿದರೆ ಕ್ಲಚ್ ಬೇಗ ಹಿಡಿಯುತ್ತಾ, ತಡವಾಗಿ ಹಿಡಿಯುತ್ತಾ?

3. ನಿಮ್ಮೂರಿನ ಮೆಕಾನಿಕ್ ಹತ್ತಿರ ಹೋಗಿ ಸವೆದ ಸ್ಕೂಟರ್ ಕ್ಲಚ್ ಒಂದನ್ನು ತೋರಿಸಿ ಅಂತ ಕೇಳಿ. ಶೂಗಳು ಎಲ್ಲ ಕಡೆ ಒಂದೇ ಸಮ ಸವೆದಿವೆಯಾ? ಇಲ್ಲದಿದ್ದರೆ ಯಾಕೆ?